ಬಾಡಿಗೆ ಕೋಣೆಯ ಲೆಕ್ಕ

(ಕೊಣ್ಣೂರಿನಲ್ಲಿ ಹಾಸ್ಟೆಲ್ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು. ಓದಿಗೆ, ಕೆಲಸಕ್ಕೆ ಊರು ಬಿಟ್ಟು ಹೊರಟವರಿಗಾಗಿ.)



ಇಲ್ಲಿ ಕೂತವರಲ್ಲಿ ಎಷ್ಟೋ ಮಂದಿ ಈ ವರ್ಷ ಊರು ಬಿಡುತ್ತೀರಿ. ಕೆಲವರು ಬೆಳಗಾವಿಗೆ, ಕೆಲವರು ಧಾರವಾಡಕ್ಕೆ. ಉಳಿದವರು ಘಟಪ್ರಭಾದಲ್ಲಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ. ಹಾಸ್ಟೆಲಿನಲ್ಲಿ ಸೀಟು ಸಿಕ್ಕವರ ಪಾಡು ಹೇಗೋ ನಡೆಯುತ್ತದೆ. ಸೀಟು ಸಿಗದವರು, ಓದು ಮುಗಿದು ಹಾಸ್ಟೆಲ್ ಖಾಲಿ ಮಾಡಬೇಕಾದವರು, ಕೆಲಸದ ಆರ್ಡರ್ ಕೈಗೆ ಬಂದವರು ಒಂದು ಕೋಣೆ ಹುಡುಕಲೇಬೇಕು. ಈ ಹುಡುಕಾಟದ ಬಗ್ಗೆ ನಮ್ಮ ಸಭೆಗಳಲ್ಲಿ ಮಾತು ಬರುವುದಿಲ್ಲ. ಭೂಮಿ ಬಗ್ಗೆ ಮಾತಾಡುತ್ತೇವೆ, ಮೀಸಲಾತಿ ಬಗ್ಗೆ ಮಾತಾಡುತ್ತೇವೆ. ಕೋಣೆ ಅಂದ ಕೂಡಲೇ ಅದು ಅವರವರ ಪಾಡು ಅಂತ ಸುಮ್ಮನಾಗುತ್ತೇವೆ. ನನಗೆ ಅದು ಒಪ್ಪಿಗೆಯಿಲ್ಲ. ಅದಕ್ಕೇ ಇವತ್ತು ಬರೀ ಕೋಣೆ ಮತ್ತು ಬಸ್ಸು, ಇವೆರಡರ ಬಗ್ಗೆಯೇ ಮಾತಾಡುತ್ತೇನೆ.

ಒಂದು ಮಾತು ಮೊದಲೇ ತಿಳಿದುಕೊಳ್ಳಿರಿ. ಮನೆ ಹುಡುಕೋದು ನಮ್ಮ ಅಪ್ಪ ಅಜ್ಜಂದಿರು ಮಾಡಿದ ಕೆಲಸ ಅಲ್ಲ. ಕೇರಿ ಎಲ್ಲಿರಬೇಕು ಅಂತ ಊರು ನಮ್ಮನ್ನು ಕೇಳಲಿಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ನೀರು ಯಾವ ಕಡೆ ಹರಿಯುತ್ತದೆ ನೋಡಿಕೊಂಡು ಅವರೇ ಗೊತ್ತು ಮಾಡಿದರು. ಬಾವಿ ಎಷ್ಟು ದೂರ, ಹೊಲ ಎಷ್ಟು ದೂರ, ಸಾಲಿ ಎಷ್ಟು ದೂರ ಅನ್ನೋದೆಲ್ಲ ಅಲ್ಲಿಗೇ ಗೊತ್ತಾಗಿ ಹೋಯಿತು. ಎಲ್ಲಿ ಇರಬೇಕು ಅಂತ ತಾವೇ ಆರಿಸಿಕೊಳ್ಳುವ ಮೊದಲ ಪೀಳಿಗೆ, ನಮ್ಮ ಎಷ್ಟೋ ಮನೆಗಳಲ್ಲಿ, ನೀವೇ. ಅದಕ್ಕೇ ಈ ಕೆಲಸ ಕಲಿಸಿಕೊಡುವವರು ಮನೆಯಲ್ಲಿ ಯಾರೂ ಇಲ್ಲ. ಅವ್ವ ಬುತ್ತಿ ಕಟ್ಟಿಕೊಡುತ್ತಾಳೆ. ಅಡ್ವಾನ್ಸ್ ಎಷ್ಟು ಕೊಡಬೇಕು ಅಂತ ಹೇಳಿಕೊಡಲಾರಳು.

ಆದರೆ ದೂರದ ಲೆಕ್ಕ ಕೊಣ್ಣೂರಿಗೆ ಹೊಸದಲ್ಲ. ಗೋಕಾಕ ಫಾಲ್ಸಿನ ನೂಲಿನ ಗಿರಣಿ 1880ರ ದಶಕದಲ್ಲಿ ಜಲಶಕ್ತಿಯ ಮೇಲೆ ನಡೆಯಲು ಸುರುವಾಯಿತು. ಆಮೇಲೆ ಈ ಸುತ್ತಿನ ಜನ ಗಿರಣಿಯ ಪಾಳಿಯ ಮೇಲೆ ಬದುಕು ಕಟ್ಟಿದರು. ಪಾಳಿಗೆ ನಡೆದು ಹೋಗುವಷ್ಟು ದೂರದಲ್ಲಿ ಮನೆ ಇರಬೇಕು, ಇದೇ ಕಾಯಿದೆ. ಇಂಗ್ಲಿಷರ ಕಾಲದ ಆ ತೂಗುಸೇತುವೆ ಇದೆಯಲ್ಲ, ಇವತ್ತು ಜನ ಅದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದು ಫೋಟೋಕ್ಕಾಗಿ ಕಟ್ಟಿದ್ದಲ್ಲ, ಹೊಳೆ ದಾಟಲಿಕ್ಕೆ ಕಟ್ಟಿದ್ದು. ಹೊಳೆ ಸುತ್ತಿ ಬರುವುದಕ್ಕೂ ನೇರ ದಾಟಿ ಬರುವುದಕ್ಕೂ ಎಷ್ಟು ಫರಕು ಅನ್ನೋದು ಪಾಳಿ ಮುಗಿಸಿ ದಣಿದ ಕಾಲಿಗೆ ಗೊತ್ತಿರುತ್ತದೆ.

ಈಗ ಪೇಟೆಗೆ ಬರೋಣ. ಊರಿಂದ ಹೋದ ಹುಡುಗರು ಮೊದಲು ಬಾಡಿಗೆ ನೋಡುತ್ತಾರೆ. ಎಲ್ಲಿ ಕಮ್ಮಿ ಇದೆಯೋ ಅಲ್ಲಿ ಹಿಡಿಯುತ್ತಾರೆ. ಬಾಡಿಗೆ ಅನ್ನೋದು ಕೋಣೆಯ ಅರ್ಧ ಬೆಲೆ ಮಾತ್ರ. ಉಳಿದರ್ಧ ದಾರಿಯಲ್ಲಿದೆ.

ಒಂದು ಲೆಕ್ಕ ಹಾಕೋಣ. ಅಂಕಿ ಉದಾಹರಣೆಗೆ, ನಿಮ್ಮ ಅಂಕಿ ನೀವೇ ಹಾಕಿಕೊಳ್ಳಿ. ಕೆಲಸದ ಜಾಗದ ಹತ್ತಿರ ಕೋಣೆ ತಿಂಗಳಿಗೆ 8500. ದೂರದ ಕೋಣೆ 6000. ತೋರಿಕೆಗೆ 2500 ಉಳಿತಾಯ. ದೂರದ ಕೋಣೆಯಿಂದ ಹೋಗಿಬರಲು ದಿನಕ್ಕೆ 70 ರೂಪಾಯಿ ಅಂತ ಹಿಡಿಯಿರಿ. ತಿಂಗಳಿಗೆ 26 ದಿನ ಕೆಲಸ, 1820 ಆಯಿತು. ಉಳಿದದ್ದು 680 ರೂಪಾಯಿ. ಈಗ ಹೊತ್ತು ನೋಡಿರಿ. ಹೋಗಲು ಒಂದೂವರೆ ತಾಸು, ಬರಲು ಒಂದೂವರೆ ತಾಸು. ತಿಂಗಳಿಗೆ 78 ತಾಸು. 680ನ್ನು 78ರಿಂದ ಭಾಗಿಸಿರಿ. ತಾಸಿಗೆ ಒಂಬತ್ತು ರೂಪಾಯಿ ಕೂಡ ಬೀಳುವುದಿಲ್ಲ! ಗೌಡನ ಹೊಲದಲ್ಲಿ ಈ ಕೂಲಿಗೆ ಕರೆದರೆ ಹೋಗುತ್ತೀರಾ? ಆ 78 ತಾಸಿನಲ್ಲಿ ಕೆಎಎಸ್ ಪರೀಕ್ಷೆಗೆ ಓದಬಹುದು, ನಿದ್ದೆ ಮಾಡಬಹುದು, ಅವ್ವನ ಜೋಡಿ ಫೋನಿನಲ್ಲಿ ಮಾತಾಡಬಹುದು. ನಿದ್ದೆಯನ್ನೂ ಲೆಕ್ಕದಲ್ಲಿ ಬರೆಯಿರಿ, ನಾಚಿಕೆ ಬೇಡ.

ಹೆಣ್ಣುಮಕ್ಕಳ ಲೆಕ್ಕ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಅವರಿಗೆ ಟಿಕೆಟ್ ದುಡ್ಡಿಲ್ಲ. ದೂರದ ಕೋಣೆ ಹಿಡಿದರೆ 2500 ಪೂರಾ ಉಳಿಯುತ್ತದೆ. ಆದರೆ ತಾಸು ಉಳಿಯುವುದಿಲ್ಲ, ರಾತ್ರಿಯ ಕೊನೇ ಬಸ್ಸಿನ ಚಿಂತೆಯೂ ಹೋಗುವುದಿಲ್ಲ. ಆ ಮಾತಿಗೆ ಕೊನೆಗೆ ಬರುತ್ತೇನೆ.

ಬೆಳಗಾವಿಗೆ ಓದಲು ಹೋಗುವವರು ಒಂದು ವಿಷಯ ಕೇಳಿಸಿಕೊಳ್ಳಿರಿ. ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ 2010ರಲ್ಲಿ ಆರಂಭವಾದದ್ದು ಭೂತರಾಮನಹಟ್ಟಿಯಲ್ಲಿ, ಕೊಲ್ಹಾಪುರದ ಹೆದ್ದಾರಿ ಮೇಲೆ. ಹೊಸ ಆವರಣಕ್ಕೆ ಗೊತ್ತು ಮಾಡಿದ ಜಾಗ ಹಿರೇಬಾಗೇವಾಡಿ, ಧಾರವಾಡದ ಕಡೆ. ಒಂದು ಪೇಟೆಯ ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. 'ಯುನಿವರ್ಸಿಟಿ ಬೆಳಗಾವಿಯಲ್ಲಿದೆ' ಅಂದುಕೊಂಡು ವಡಗಾವಿಯಲ್ಲೋ ಅನಗೋಳದಲ್ಲೋ ಕೋಣೆ ಹಿಡಿದವನು ದಿನಾ ಊರು ದಾಟಿಯೇ ಹೋಗಬೇಕು. ನಿಮ್ಮ ವಿಭಾಗದ ತರಗತಿ ಯಾವ ಆವರಣದಲ್ಲಿ ನಡೆಯುತ್ತದೆ ಅಂತ ಮೊದಲು ಕೇಳಿರಿ, ಆಮೇಲೆ ಕೋಣೆ. ಕೆಲಸಕ್ಕೆ ಹೋಗುವವರಿಗೂ ಇದೇ ಮಾತು. ಉದ್ಯಮಬಾಗದ ಕಾರ್ಖಾನೆ ಒಂದು ದಿಕ್ಕು, ಹೊನಗಾದ ಕಾರ್ಖಾನೆ ಇನ್ನೊಂದು ದಿಕ್ಕು.

ಕೊಣ್ಣೂರಿಂದಲೇ ದಿನಾ ಹೋಗಿಬರುತ್ತೇನೆ ಅನ್ನುವವರೂ ಇದ್ದಾರೆ. ಗೋಕಾಕ ರೋಡ್ ಸ್ಟೇಶನ್ನಿನಿಂದ ಪಾಚ್ಛಾಪುರ, ಸುಳೇಭಾವಿ, ಸಾಂಬ್ರಾ ದಾಟಿ ಬೆಳಗಾವಿ. ರೈಲು ಅಗ್ಗ. ಆದರೆ ಗಾಡಿ ನಿಮ್ಮ ತರಗತಿಯ ಹೊತ್ತಿಗೆ ಓಡುವುದಿಲ್ಲ, ನೀವು ಅದರ ಹೊತ್ತಿಗೆ ಓಡಬೇಕು. ಒಂದು ಗಾಡಿ ತಪ್ಪಿದರೆ ಅವತ್ತಿನ ದಿನ ಹೋಯಿತು. ವಾರದಲ್ಲಿ ಎರಡು ಮೂರು ದಿನ ಹೋಗುವ ಕೆಲಸವಿದ್ದರೆ ಇದು ಒಳ್ಳೇ ದಾರಿ. ಆರೂ ದಿನ ಹೋಗುವವರಿಗೆ ಬ್ಯಾಡ ಅಂತಲೇ ನನ್ನ ಅಭಿಪ್ರಾಯ.

ಧಾರವಾಡದ ಮಾತು ಸಣ್ಣದು. ಹುಬ್ಬಳ್ಳಿ ಧಾರವಾಡದ ನಡುವೆ 2018ರಿಂದ ಚಿಗರಿ ಬಸ್ಸು ಓಡುತ್ತಿದೆ. ಅದರ ದಾರಿಗೆ ನಡೆದು ಹೋಗುವಷ್ಟು ಹತ್ತಿರ ಕೋಣೆ ಸಿಕ್ಕರೆ ಎರಡೂ ಊರು ನಿಮಗೆ ಒಂದೇ ಊರು. ಚಿಗರಿಯ ಸ್ಟಾಪಿಗೆ ಬರಲಿಕ್ಕೇ ಆಟೋ ಬೇಕು ಅಂದರೆ ಅದರ ಲಾಭ ಅಲ್ಲಿಗೇ ಕರಗಿತು.

ಬೆಂಗಳೂರು ದೊಡ್ಡ ಮಾತು. ನಮ್ಮ ಕಡೆಯವರು ಯಶವಂತಪುರದಲ್ಲಿ ಇಳಿಯುತ್ತಾರೆ, ಪೀಣ್ಯ, ದಾಸರಹಳ್ಳಿ ಕಡೆ ಇರುವ ಗುರುತಿನವರ ಕೋಣೆಗೆ ಹೋಗುತ್ತಾರೆ. ಅಲ್ಲಿ ನಮ್ಮ ಮಾತು ಕೇಳುತ್ತದೆ, ರೊಟ್ಟಿ ಸಿಗುತ್ತದೆ, ಜೀವ ನಿಲ್ಲುತ್ತದೆ. ಸರಿ. ಆದರೆ ಕೆಲಸ ವೈಟ್‌ಫೀಲ್ಡಿನಲ್ಲಿ ಆದರೆ? ಹಸಿರು ಮೆಟ್ರೋ ಪೀಣ್ಯಕ್ಕೆ ಬಂದದ್ದು 2014ರಲ್ಲಿ, ನೇರಳೆ ಮೆಟ್ರೋ ವೈಟ್‌ಫೀಲ್ಡಿನವರೆಗೆ ಪೂರಾ ಓಡಿದ್ದು 2023ರ ಅಕ್ಟೋಬರಿನಲ್ಲಿ. ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿ ಊರಿನ ಈ ತುದಿಯಿಂದ ಆ ತುದಿಗೆ ಹೋಗಬಹುದು, ನಿಜ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಆ ದರದಲ್ಲಿ ಹೋಗಿಬರಲು ದಿನಕ್ಕೆ 180, 26 ದಿನಕ್ಕೆ 4680. ಹಳ್ಳಿಯಿಂದ ಬಂದವನ ಮೊದಲ ಸಂಬಳದಲ್ಲಿ ಇದು ಸಣ್ಣ ತುಂಡಲ್ಲ. ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರದ ಕಡೆ ಕೆಲಸವಿದ್ದವರಿಗೆ 2025ರ ಆಗಸ್ಟಿನಿಂದ ಹಳದಿ ಮೆಟ್ರೋ ಇದೆ. ಮೆಟ್ರೋ ಸ್ಟೇಶನ್ ಹತ್ತಿರ ಬಂದ ಕೂಡಲೇ ಸುತ್ತಲಿನ ಬಾಡಿಗೆಯೂ ಮೇಲೇರುತ್ತದೆ ಅನ್ನೋದು ಮರೆಯಬೇಡಿ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಳ್ಳುವುದು ಪೇಟೆಯ ಗುಣ.

ಅದಕ್ಕೇ ನನ್ನ ಸಲಹೆ: ಊರಲ್ಲಿ ಕೂತು ಫೋನಿನಲ್ಲಿ ಫೋಟೋ ನೋಡಿ ಅಡ್ವಾನ್ಸ್ ಕಳಿಸಬ್ಯಾಡ್ರಿ. ಮೊದಲ ತಿಂಗಳು ಕೆಲಸದ ಜಾಗದ ಹತ್ತಿರ ಪಿ.ಜಿ.ಯಲ್ಲಿ ಒಂದು ಮಂಚ ಹಿಡಿಯಿರಿ, ಇಲ್ಲವೇ ಗೆಳೆಯನ ಕೋಣೆಯಲ್ಲಿ ಪಾಲು ಕೊಟ್ಟು ಇರಿ. ಪಾಲು ಕೊಟ್ಟು ಅಂದೆ, ಪುಕ್ಕಟೆ ಅಲ್ಲ. ಆ ತಿಂಗಳು ಸಂಜೆ ಸಂಜೆ ಓಣಿ ಓಣಿ ತಿರುಗಿರಿ. ಕೋಣೆಯಿಂದ ಕೆಲಸಕ್ಕೆ ಹೋಗುವ ದಾರಿಯನ್ನು ರವಿವಾರ ಮಧ್ಯಾಹ್ನ ನೋಡಿ ಒಪ್ಪಬೇಡಿ, ರವಿವಾರ ಎಲ್ಲಾ ದಾರಿಯೂ ಹತ್ತಿರವೇ. ಸೋಮವಾರ ಬೆಳಿಗ್ಗೆ ಪಾಳಿಯ ಹೊತ್ತಿಗೆ ಒಮ್ಮೆ ಹೋಗಿ ನೋಡಿರಿ. ನೀರು ಕಾವೇರಿಯದೋ ಬೋರಿನದೋ ಟ್ಯಾಂಕರಿನದೋ ಕೇಳಿರಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರುಗಳು ಬತ್ತಿದಾಗ ಬಾಡಿಗೆದಾರರು ಕೊಡ ಹಿಡಿದು ನಿಂತದ್ದು ಎಲ್ಲರೂ ನೋಡಿದ್ದೇವೆ. ಕರೆಂಟಿನ ಮೀಟರು ಬೇರೆ ಇದೆಯೋ ಕೇಳಿರಿ. 2023ರ ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ.

ಇಷ್ಟೆಲ್ಲ ಮಾತು ಯಾವ ಜಾತಿಯ ಹುಡುಗನಿಗಾದರೂ ಒಂದೇ. ಇನ್ನು ಮುಂದಿನದು ನಮಗೆ ಮಾತ್ರ.

ದಾರಿ ಅಳೆದಿರಿ, ಲೆಕ್ಕ ಹಾಕಿದಿರಿ, ಹತ್ತಿರದ ಓಣಿಯಲ್ಲಿ 'ಮನೆ ಬಾಡಿಗೆಗೆ ಇದೆ' ಅನ್ನೋ ಬೋರ್ಡ್ ನೋಡಿ ಬಾಗಿಲು ತಟ್ಟಿದಿರಿ. ಮೊದಲ ಪ್ರಶ್ನೆ ಕೆಲಸ ಎಲ್ಲಿ ಅಂತ. ಎರಡನೆಯದು ಎಷ್ಟು ಜನ ಅಂತ. ಮೂರನೆಯದು 'ನಿಮ್ಮ ಅಡ್ಡಹೆಸರು ಏನ್ರಿ?' ನಮ್ಮ ಜಿಲ್ಲೆಯಲ್ಲಿ ಅಡ್ಡಹೆಸರು ಅಂದರೆ ಜಾತಿ ಪ್ರಮಾಣಪತ್ರ. ಮಾದರ, ಕಾಂಬಳೆ, ಹರಿಜನ ಅಂದ ಮೇಲೆ ತಹಶೀಲ್ದಾರರ ಸಹಿ ಬೇಕಾಗಿಲ್ಲ. ಬೆಂಗಳೂರಿನವರಿಗೆ ಈ ಅಡ್ಡಹೆಸರುಗಳೆಲ್ಲ ತಿಳಿಯುವುದಿಲ್ಲ. ಅಲ್ಲಿ ಪ್ರಶ್ನೆಯ ವೇಷ ಬೇರೆ. 'ವೆಜ್ಜಾ, ನಾನ್‌ವೆಜ್ಜಾ?' 'ನೀವು ಯಾವ ಪೈಕಿ?' 'ನಿಮ್ಮ ಮನೆದೇವರು ಯಾವುದು?' ದೇವರ ಮೇಲಿನ ಭಕ್ತಿಯಿಂದ ಕೇಳುವ ಪ್ರಶ್ನೆ ಅಲ್ಲ ಅದು.

ನಾನು ಧಾರವಾಡದಲ್ಲಿ ಓದುವಾಗ ಒಂದು ಮನೆಯಲ್ಲಿ ಕೋಣೆ ತೋರಿಸಿದರು, ಬಾಡಿಗೆ ಹೇಳಿದರು, ಕುಡಿಯಲು ನೀರೂ ಕೊಟ್ಟರು. ಅಡ್ಡಹೆಸರು ಕೇಳಿದ ಮೇಲೆ ಮನೆಯಾಕಿ ಒಳಗೆ ಹೋಗಿ ಬಂದರು. 'ಇಲ್ಲಪಾ, ನಮ್ಮ ಅಳಿಯ ಬರಾಂವ ಅದಾನ' ಅಂದರು. ತಿಂಗಳ ಮೇಲೆ ಆ ದಾರಿಯಲ್ಲಿ ಹೋದೆ. ಬೋರ್ಡ್ ಅಲ್ಲೇ ಇತ್ತು. ಅಳಿಯ ಇನ್ನೂ ಬಂದಿರಲಿಲ್ಲ!

ನೀವು ನಗುತ್ತೀರಿ, ನಗಿರಿ. ಆದರೆ ಹಿಂದಿನ ಲೆಕ್ಕಕ್ಕೆ ಇದನ್ನು ಜೋಡಿಸಿರಿ. ಹತ್ತಿರದ ಮನೆಯಲ್ಲಿ ಅಳಿಯ ಬರುತ್ತಾನೆ, ಎರಡನೇ ಮನೆಯಲ್ಲಿ ತಮ್ಮ ಬರುತ್ತಾನೆ, ಮೂರನೇ ಮನೆಯಲ್ಲಿ ರಿಪೇರಿ ಸುರುವಾಗುತ್ತದೆ. ಕೊನೆಗೆ ಐದು ಕಿಲೋಮೀಟರ್ ಆಚೆ ಒಂದು ಕೋಣೆ ಸಿಗುತ್ತದೆ. ಆ ಐದು ಕಿಲೋಮೀಟರ್ ಯಾರದು? ಅದು ಜಾತಿಯ ಕಿಲೋಮೀಟರ್. ಅದರ ಬಸ್ ಚಾರ್ಜು, ಅದರ ತಾಸು, ತಡವಾಗಿ ಬಂದಿ ಅಂತ ಸಾಹೇಬ ಬೈದ ಬೈಗುಳ, ಎಲ್ಲಾ ನಮ್ಮ ಕಿಸೆಯಿಂದ. ಕೇರಿಯನ್ನು ಊರ ಹೊರಗೆ ಇಟ್ಟವರು ಬಾವಿಯ ದೂರವನ್ನು ನಮ್ಮ ಅವ್ವಂದಿರ ತಲೆಯ ಮೇಲೆ ಹೊರಿಸಿದರು. ಪೇಟೆಯಲ್ಲಿ ಅದೇ ದೂರಕ್ಕೆ ಬಸ್ ಪಾಸ್ ಮಾಡಿಸಿಕೊಳ್ಳುತ್ತೇವೆ. 'ಪೇಟೆಯಲ್ಲಿ ಜಾತಿ ಇಲ್ಲ' ಅನ್ನೋ ಪಂಡಿತರು ಒಮ್ಮೆ ನಮ್ಮ ಅಡ್ಡಹೆಸರು ಹೇಳಿ ಬಾಗಿಲು ತಟ್ಟಿ ನೋಡಲಿ. ಸುಖದೇವ ಥೋರಾಟ್ ಮತ್ತು ಅವರ ಸಂಗಡಿಗರು ದಿಲ್ಲಿಯ ಸುತ್ತಮುತ್ತ ಹೀಗೇ ಕೇಳಿಸಿ ನೋಡಿದರು. ಮೇಲ್ಜಾತಿ, ದಲಿತ, ಮುಸ್ಲಿಂ ಹೆಸರುಗಳಲ್ಲಿ ಮನೆ ಕೇಳಿಸಿ, ಸಿಕ್ಕ ಉತ್ತರಗಳನ್ನು 2015ರಲ್ಲಿ ಪ್ರಕಟಿಸಿದರು. ಮೇಲ್ಜಾತಿಯ ಹೆಸರಿಗೆ ತೆರೆದ ಬಾಗಿಲು ಉಳಿದ ಹೆಸರುಗಳಿಗೆ ಅಷ್ಟು ತೆರೆಯಲಿಲ್ಲ. ಕೆಲವು ಕಡೆ ತೆರೆದರೂ ಹೆಚ್ಚು ಬಾಡಿಗೆ, ಹೆಚ್ಚು ಷರತ್ತು.

ಹಾಗಾದರೆ ಹೆಸರು ಮುಚ್ಚಿಡೋಣವೇ? ಈ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿದೆ ಅಂತ ಗೊತ್ತು. ಬಾಬಾಸಾಹೇಬರಿಗೇ ಈ ಪ್ರಶ್ನೆ ಬಂದಿತ್ತು. 1917ರಲ್ಲಿ ಅವರು ಅಮೆರಿಕದ ಕೊಲಂಬಿಯಾದಲ್ಲಿ, ಆಮೇಲೆ ಲಂಡನ್ನಿನಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಲು ಹೋದರು. ವಯಸ್ಸು 26. ಸ್ಟೇಶನ್ನಿನಲ್ಲಿ ಇಳಿದ ಕೂಡಲೇ ಎದುರಾದ ಪ್ರಶ್ನೆ ಇದೇ: ಎಲ್ಲಿ ಇರುವುದು? ಹಿಂದೂ ಹೋಟೆಲಿನಲ್ಲಿ ಜಾಗವಿಲ್ಲ. ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು, ಊಟ ವಸತಿಗೆ ದಿನಕ್ಕೆ ಒಂದೂವರೆ ರೂಪಾಯಿ. ಸಂಸ್ಥಾನದ ಬಂಗಲೆಗೆ ಅರ್ಜಿ ಹಾಕಿ ಕಾದರು. ಹನ್ನೊಂದನೇ ದಿನ ಬಡಿಗೆ ಹಿಡಿದ ಪಾರ್ಸಿಗಳ ಗುಂಪು ಬಂದು ನಿಂತಿತು. ಗೆಳೆಯರಿಬ್ಬರನ್ನು ಕೇಳಿದರು. ಹಿಂದೂ ಗೆಳೆಯ, ನೀನು ಬಂದರೆ ನನ್ನ ಮನೆಯ ಆಳುಗಳು ಬಿಟ್ಟು ಹೋಗುತ್ತಾರೆ ಅಂದ. ಕ್ರಿಶ್ಚಿಯನ್ ಗೆಳೆಯ, ಹೆಂಡತಿಯನ್ನು ಕೇಳಿ ಹೇಳುತ್ತೇನೆ ಅಂದ. ಸಾರ್ವಜನಿಕ ತೋಟದಲ್ಲಿ ಹೊತ್ತು ಕಳೆದು ರಾತ್ರಿ ರೈಲಿಗೆ ಮುಂಬಯಿಗೆ ಮರಳಿದರು. ಅಷ್ಟು ಓದಿದ ಮನುಷ್ಯನಿಗೆ ಕೆಲಸವಿತ್ತು, ಕೋಣೆ ಇರಲಿಲ್ಲ. ಕೋಣೆ ಇಲ್ಲದ್ದಕ್ಕೆ ಕೆಲಸವೂ ಹೋಯಿತು.

ಹೆಸರು ಮುಚ್ಚಿಟ್ಟು ಇರುವ ನಮ್ಮ ಹುಡುಗರನ್ನು ಹೀಯಾಳಿಸುವವರ ಜೊತೆ ನಾನು ಸೇರುವುದಿಲ್ಲ. ಬಾಗಿಲು ಮುಚ್ಚಿದವನು ಅಪರಾಧಿ, ಮಳೆಯಲ್ಲಿ ನಿಂತವನಲ್ಲ. ಆದರೆ ಲೆಕ್ಕದ ದೃಷ್ಟಿಯಿಂದಲೇ ನೋಡಿರಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಅಂತ ಕೇಳುವ ರೂಢಿ ಹಳೆಯದು. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಅನ್ನುತ್ತದೆ. ಅದು ಮಾದರಿ ಮಾತ್ರ, ರಾಜ್ಯ ಕಾಯ್ದೆ ಮಾಡಿದರೆ ಮಾತ್ರ ಬಲ. ಅಷ್ಟು ದುಡ್ಡು, ಅವ್ವ ಸಂಘದಲ್ಲಿ ಎತ್ತಿದ ಸಾಲ, ಮಾಲೀಕನ ಕೈಯಲ್ಲಿರುವಾಗ ಗುಟ್ಟು ಬಯಲಾದರೆ ಹೊರಗೆ ಹೋಗುವವನು ನೀನು, ಒಳಗೆ ಉಳಿಯುವುದು ದುಡ್ಡು. ಅಲ್ಲಿಯವರೆಗೆ ಊರಿಂದ ಅಪ್ಪ ಬಂದರೂ ಭಯ, ಗೋಡೆಗೆ ಬಾಬಾಸಾಹೇಬರ ಫೋಟೋ ಹಾಕಲೂ ಭಯ. ಅಡ್ವಾನ್ಸ್ ಕೊಡುವ ಮೊದಲೇ ಯಾರು ಅಂತ ಗೊತ್ತಾಗಿಬಿಡಲಿ. ಇಲ್ಲ ಅನ್ನುವವನು ಅವತ್ತೇ ಇಲ್ಲ ಅನ್ನಲಿ.

ಇಲ್ಲ ಅಂದವನನ್ನು ಸುಮ್ಮನೆ ಬಿಡಬೇಕಾಗಿಯೂ ಇಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ನಾಲ್ಕನೇ ಕಲಮು ಓದಿರಿ. ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟಲು, ಪಡೆಯಲು, ವಾಸಿಸಲು ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡುವುದು ಅಪರಾಧ. ಒಂದರಿಂದ ಆರು ತಿಂಗಳ ಸಜೆ, ಜೊತೆಗೆ ದಂಡ. ಮಾಲೀಕರು ಜಾಣರು, ಜಾತಿ ಅನ್ನುವುದಿಲ್ಲ, ಅಳಿಯ ಅನ್ನುತ್ತಾರೆ. ಅದಕ್ಕೆ ಹನ್ನೆರಡನೇ ಕಲಮು ಇದೆ. ಈ ಕಾಯ್ದೆಯ ಅಪರಾಧ ಪರಿಶಿಷ್ಟ ಜಾತಿಯವರ ಮೇಲೆ ನಡೆದಾಗ ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆದದ್ದು ಅಂತ ನ್ಯಾಯಾಲಯ ಭಾವಿಸಬೇಕು, ಅಲ್ಲ ಅಂತ ರುಜುವಾತು ಆಗುವವರೆಗೆ. ಆದರೂ ಸಾಕ್ಷಿ ಬೇಕೇ ಬೇಕು. ಒಬ್ಬರೇ ಮನೆ ಕೇಳಲು ಹೋಗಬೇಡಿ, ಇಬ್ಬರು ಹೋಗಿರಿ. ದಲ್ಲಾಳಿ ಕಳಿಸಿದ ಮೆಸೇಜು ಅಳಿಸಬೇಡಿ. ದಿನಾಂಕ, ಓಣಿ, ಆಡಿದ ಮಾತು ಅವತ್ತೇ ಬರೆದಿಡಿರಿ. ದೂರು ಕೊಡುವುದಾದರೆ ಪೊಲೀಸ್ ಠಾಣೆ ಇದೆ, ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಇದೆ. ಕೇಸು ಹಾಕಿದರೆ ಕೋಣೆ ಸಿಗುತ್ತದೆ ಅಂತ ನಾನು ಹೇಳಲಾರೆ. ಕೇಸಿನ ತಾರೀಖಿಗೆ ಅಲೆಯುವ ಕಿಲೋಮೀಟರ್ ಬೇರೆ. ಹೊಸ ಊರಲ್ಲಿ, ಹೊಸ ಕೆಲಸದಲ್ಲಿ ಯಾವಾಗ ಹೋರಾಡಬೇಕು ಅನ್ನೋದು ನಿಮ್ಮ ತೀರ್ಮಾನ. ಬರೆದಿಡುವುದು ಮಾತ್ರ ಎಲ್ಲರೂ ಮಾಡಬಹುದು.

ಬರೆದಿಡುವುದರಲ್ಲಿ ಇನ್ನೊಂದು ಲಾಭವಿದೆ. ಕೊಣ್ಣೂರಿಂದ ಈಗಾಗಲೇ ಹೋದವರು ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನಲ್ಲಿ ಇದ್ದಾರೆ. ಯಾವ ಮಾಲೀಕ ಜಾತಿ ಕೇಳದೆ ಕೊಟ್ಟ, ಯಾರು ಅಡ್ವಾನ್ಸ್ ಸರಿಯಾಗಿ ಮರಳಿಸಿದ, ಯಾವ ಓಣಿಯಿಂದ ಕೊನೇ ಬಸ್ಸು ಎಷ್ಟಕ್ಕೆ, ಇದೆಲ್ಲ ಅವರ ತಲೆಯಲ್ಲಿದೆ, ಕಾಗದದ ಮೇಲಿಲ್ಲ. ಹಾಸ್ಟೆಲಿನಲ್ಲಿ ಒಂದು ವಹಿ ಇಡಿರಿ. ದೀಪಾವಳಿಗೋ ಏಪ್ರಿಲ್ 14ಕ್ಕೋ ಊರಿಗೆ ಬಂದವರಿಂದ ಬರೆಸಿಕೊಳ್ಳಿರಿ. ಒಬ್ಬ ಕೋಣೆ ಬಿಡುವಾಗ ಮಾಲೀಕನಿಗೆ ನಮ್ಮ ಇನ್ನೊಬ್ಬನನ್ನು ತೋರಿಸಿಯೇ ಬಿಡಲಿ. ಮೇಲ್ಜಾತಿಯವರು ಇದನ್ನೇ ಮಾಡುತ್ತಾರೆ, ಅದಕ್ಕೆ ಅವರು 'ಪರಿಚಯ' ಅಂತ ಹೆಸರಿಟ್ಟಿದ್ದಾರೆ.

ಕರಾರುಪತ್ರದ ಬಗ್ಗೆ ಎರಡು ಮಾತು. ಹನ್ನೊಂದು ತಿಂಗಳು ಅಂತ ಯಾಕೆ ಬರೆಯುತ್ತಾರೆ ಗೊತ್ತೇ? ಒಂದು ವರ್ಷ ಮೀರಿದ ಗೇಣಿಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು, ಅದನ್ನು ತಪ್ಪಿಸಲಿಕ್ಕೆ. ಪತ್ರದಲ್ಲಿ ಅಡ್ವಾನ್ಸಿನ ಮೊತ್ತ, ಬಣ್ಣಕ್ಕೆ ಎಷ್ಟು ಮುರಿಯುತ್ತಾರೆ, ಎಷ್ಟು ದಿನ ಮುಂಚೆ ಹೇಳಿ ಬಿಡಬೇಕು, ಈ ಮೂರೂ ಇರಲಿ. ದುಡ್ಡು ಕೈಯಲ್ಲಿ ಕೊಡಬೇಡಿ, ಬ್ಯಾಂಕಿನಿಂದಲೋ ಫೋನಿನಿಂದಲೋ ಕಳಿಸಿರಿ, ಗುರುತು ಉಳಿಯುತ್ತದೆ.

ಮಾತು ಸುರು ಮಾಡುವ ಮೊದಲೇ ಒಬ್ಬ ತಂಗಿ ಚೀಟಿ ಕಳಿಸಿದ್ದಳು: 'ರಾತ್ರಿ ಪಾಳಿ ಇದೆ, ಕಂಪನಿ ಗಾಡಿ ಕೊಡುತ್ತೇವೆ ಅಂತಾರೆ, ದೂರದ ಕೋಣೆ ಹಿಡಿಯಬಹುದಾ?' ನೋಡವಾ, ಕಂಪನಿ ಗಾಡಿ ಕೊಡುವುದು ಉಪಕಾರ ಅಲ್ಲ. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯಂತೆ ಹೆಣ್ಣುಮಕ್ಕಳನ್ನು ರಾತ್ರಿ ಪಾಳಿಗೆ ಹಚ್ಚಿದರೆ ವಾಹನದ ಏರ್ಪಾಡು ಸಂಸ್ಥೆಯೇ ಮಾಡಬೇಕು. ಆದರೆ ಮೂರು ಪ್ರಶ್ನೆ ಕೇಳಿಯೇ ಅಡ್ವಾನ್ಸ್ ಕೊಡು. ಆ ಗಾಡಿ ಎಷ್ಟು ಕಿಲೋಮೀಟರಿನವರೆಗೆ ಬರುತ್ತದೆ? ಬಾಗಿಲಿಗೆ ಬಿಡುತ್ತದೋ ಮುಖ್ಯ ರಸ್ತೆಗೆ ಬಿಡುತ್ತದೋ? ನಿನ್ನನ್ನು ಕೊನೆಗೆ ಇಳಿಸುವುದಾದರೆ ಜೊತೆಗೆ ಕಾವಲಿನವರು ಇರುತ್ತಾರೋ? ಮಾಲೀಕರನ್ನೂ ಒಂದು ಕೇಳು, ರಾತ್ರಿ ಎರಡಕ್ಕೆ ಬಂದರೆ ಗೇಟು ಯಾರು ತೆಗೆಯುತ್ತಾರೆ, ಕೀಲಿ ನಿನ್ನ ಕೈಯಲ್ಲಿ ಇರುತ್ತದೋ ಅಂತ. ಮುಖ್ಯ ರಸ್ತೆಯಿಂದ ಕೋಣೆಯವರೆಗೆ ಬೀದಿದೀಪ ಉರಿಯುತ್ತದೋ ಇಲ್ಲೋ ಹಗಲಿನಲ್ಲಿ ಗೊತ್ತಾಗುವುದಿಲ್ಲ. ರಾತ್ರಿ ಹೋಗಿ ನೋಡಿ ಬಾ, ಗೆಳತಿಯನ್ನು ಕರೆದುಕೊಂಡು ಹೋಗು.